ಒಡ್ಡಿನೊಳಗಿನ ಸೊಪ್ಪು

ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಚೀಲದೊಳಗಿನ ಗಾಜಿನ ಲೋಟ ಅವಲಕ್ಕಿ ಡಬ್ಬಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ನಾಗಪತಿ ಹೆಗಡೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದ. ಕುಮಟೆಯಿಂದ ಮಿರ್ಜಾನಕ್ಕೆ ಅಂಥ ದೂರವೇನೂ ಇಲ್ಲ. ಆದರೆ ಭಾನುವಾರದ ಬಸ್ಸಿಗೆ ಅವಸರವೂ ಇಲ್ಲ, ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು. ಕಿಟಕಿಯ ಬದಿಗೆ ಕೂತ ಸುಮತಿ ಹೋದ ವಾರದ ದೀಪಾವಳಿಗೆ ತಂದ ಸೀರೆ ಉಟ್ಟಿದ್ದಳು. ಮನೆಯಲ್ಲಿ ತಾಮ್ರದ ಚೊಂಬು ಇರುವಾಗ ಒಡೆಯುವ ಲೋಟ ಯಾಕೆ ಎಂದು ಹೊರಡುವಾಗಲೇ ಕೇಳಿದ್ದಳು. ಕೆರೆಯ ಹತ್ತಿರ ಗೋಲಿಸೋಡಾ ಸಿಗುತ್ತದೆ, ಅದನ್ನು ಗಾಜಿನ ಲೋಟದಲ್ಲಿ ಕುಡಿದರೇ ರುಚಿ ಎಂದು ಇವನು ಹೇಳಿದ್ದ. ಅವಳು ನಂಬಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ಇವನು ಹೇಳಿದ ಯಾವುದನ್ನೂ ಅವಳು ಎರಡನೇ ಸಲ ಕೇಳಿದವಳಲ್ಲ. ಇಷ್ಟು ಸಲೀಸಾಗಿ ನಂಬುವವರ ಜೊತೆ ಬದುಕುವುದು ಎಷ್ಟು ಕಷ್ಟ ಎನ್ನುವುದು ಅವನಿಗೆ ಈಚೆಗೆ, ಈ ಮೂರು ವಾರಗಳಿಂದ, ಅರ್ಥವಾಗತೊಡಗಿತ್ತು.

ಮೂರು ವರ್ಷದಿಂದ ಅವಳದು ಒಂದೇ ಆಸೆ, ತೊರೆಬೈಲಿನ ಕೆರೆಯಲ್ಲಿ ಒಂದು ಸಲ ದೋಣಿ ಹತ್ತಬೇಕು. ಇವನು ಒಮ್ಮೆ ಬಿಸಿಲು ಎಂದ, ಒಮ್ಮೆ ಜಿಗಣೆ ಎಂದ, ಒಮ್ಮೆ ದೋಣಿಗೆ ತೂತು ಬಿದ್ದಿದೆ ಎಂದ. ಕಡೆಗೆ ನೆವಗಳು ಮುಗಿದವು. ನಿನ್ನೆ ರಾತ್ರಿ ಊಟಕ್ಕೆ ಬಡಿಸುತ್ತ ಅವಳು, "ನಿಂಗ ಕಟ್ಟಿಸಿದ್ದನ್ನ ಊರವ್ವೆಲ್ಲ ನೋಡಾತು. ನಾ ಒಬ್ಳೇ ನೋಡಿದ್ನಿಲ್ಲೆ," ಎಂದಳು. ನಾನು ಕಟ್ಟಿಸಿದ್ದಲ್ಲ, ಕಚೇರಿ ಕಟ್ಟಿಸಿದ್ದು, ನಾನು ಬರೀ ಓವರ್ಸಿಯರ್ ಎಂದ. ಅವಳು ನಕ್ಕಳು. ಅದು ವಿನಯ ಎಂದು ಅವಳ ಲೆಕ್ಕ. ಕೆರೆಯ ಒಡ್ಡಿನ ಮೇಲೆ ನೆಟ್ಟ ಕಲ್ಲಿನಲ್ಲಿ ಏಳು ಜನರ ಹೆಸರು ಕೆತ್ತಿದ್ದಾರೆ, ಇವನದಿಲ್ಲ. ಉದ್ಘಾಟನೆಯ ದಿನ ಆ ಕಲ್ಲನ್ನು ನೋಡಿ ಮನಸ್ಸು ಚುರುಕ್ಕೆಂದಿತ್ತು. ಈಗ ಅದೇ ಕಲ್ಲಿನ ಮುಂದೆ ಹಾಯುವಾಗ, ಹೆಸರು ಇಲ್ಲದ್ದೇ ಒಳ್ಳೆಯದಾಯಿತು ಎನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಮತ್ತೆ ನಾಚಿಕೆಯಾಗುತ್ತಿತ್ತು.

ಮಿರ್ಜಾನದಲ್ಲಿ ಇಳಿದು ಒಳಗೆ ಎರಡು ಮೈಲಿ ನಡೆಯಬೇಕು. ಗದ್ದೆ ಕೊಯ್ಲು ಮುಗಿದು ಕೂಳೆ ಒಣಗುತ್ತಿತ್ತು. ಸುಮತಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಂಚಿನ ಮೇಲೆ ಹುಡುಗಿಯಂತೆ ನಡೆದಳು. ಈ ಕೆರೆಯನ್ನು ಕಟ್ಟಲು ಹೊರಟಿದ್ದು ದೋಣಿಗಲ್ಲ, ಈ ಗದ್ದೆಗಳಿಗೆ. ಅರವತ್ತು ಎಕರೆಗೆ ಸುಗ್ಗಿಯ ಎರಡನೇ ಬೆಳೆಗೆ ನೀರು ಎಂದು ನಕ್ಷೆಯ ಮೂಲೆಯಲ್ಲಿ ಇವನೇ ತನ್ನ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಎರಡು ಗುಡ್ಡಗಳ ನಡುವೆ, ಹಳ್ಳಕ್ಕೆ ಅಡ್ಡವಾಗಿ, ಇಪ್ಪತ್ತೆರಡು ಅಡಿ ಎತ್ತರದ ಮಣ್ಣಿನ ಒಡ್ಡು. ಆಮೇಲೆ ಘಟ್ಟದ ಮೇಲಿನ ಮೈಸೂರು ಕಡೆಯಿಂದ ಹೊಸ ಇಂಜಿನಿಯರ್ ಸಾಹೇಬರು ಬಂದರು. ಒಡ್ಡಿನ ಮೇಲೆ ನಿಂತು, ತುಂಬಿದ ನೀರನ್ನೂ ಅದರಲ್ಲಿ ತಲೆಕೆಳಗಾದ ಗುಡ್ಡವನ್ನೂ ನೋಡಿ, ಇಷ್ಟು ಚೆಂದದ್ದನ್ನು ಬರೀ ಗದ್ದೆಗೆ ಬಿಡುವುದೇ ಎಂದರು. ವರ್ಷ ತಿರುಗುವುದರೊಳಗೆ ಸಿಮೆಂಟಿನ ಬೆಂಚುಗಳು ಬಂದವು, ಕಾಗದದ ಹೂವಿನ ಗಿಡಗಳು ಬಂದವು, ಹಸಿರು ಬಣ್ಣದ ಎರಡು ದೋಣಿ ಬಂದವು, 'ನೌಕಾವಿಹಾರ' ಎಂದು ಬರೆದ ಹಲಗೆ ಬಂತು. ದೋಣಿಗೆ ನೀರು ಸಾಕಾಗಬೇಕಲ್ಲ, ತೂಬನ್ನು ಮುಚ್ಚಿಸಿದರು. ಹೆಚ್ಚಿನ ನೀರು ಹರಿದು ಹೋಗುವ ಕೋಡಿಗೆ ಒಂದೂವರೆ ಅಡಿ ಎತ್ತರದ ಹಲಗೆ ಬಡಿಸಿದರು. ಹಲಗೆ ಬೇಡ ಎಂದು ನಾಗಪತಿ ಹೇಳಿದ್ದ. ಯಾಕೆ ಎಂದು ಸಾಹೇಬರು ಕೇಳಿದ್ದರು. ಕಾರಣ ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಸುಮ್ಮನೆ ಹೇಳಿದೆ ಸಾಹೇಬರೆ ಎಂದು ಬಾಯಿ ಮುಚ್ಚಿಕೊಂಡ.

ಸುಮತಿಯನ್ನು ಬೆಂಚಿನ ಮೇಲೆ ಕೂರಿಸಿ, ಈಗ ಬಂದೆ ಎಂದು ಹೇಳಿ, ಲೋಟವನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡು ಅವನು ಒಡ್ಡಿನ ಹೊರಮೈಯಿಂದ ಕೆಳಗಿಳಿದ. ಮೂತ್ರಕ್ಕೆ ಹೋಗುವವನ ಹಾಗೆ ಅತ್ತಿತ್ತ ನೋಡಿದ. ಬುಡದಲ್ಲಿ, ಬಲಗಡೆಯ ಗುಡ್ಡದಿಂದ ಸುಮಾರು ನಲವತ್ತು ಹೆಜ್ಜೆಗೆ, ಹುಲ್ಲು ಉಳಿದ ಕಡೆಗಿಂತ ಹೆಚ್ಚು ಹಸಿರಾಗಿ ಬೆಳೆದ ಒಂದು ತುಣುಕು ಜಾಗ. ಕಾಲಿಟ್ಟರೆ ಹೂತು ಹೋಗುತ್ತಿತ್ತು. ಅಲ್ಲೊಂದು ಸಣ್ಣ ಒರತೆ, ಹೆಬ್ಬೆರಳಿನ ಗಾತ್ರದ್ದು. ಮೂರು ವಾರದ ಕೆಳಗೆ ಅದನ್ನು ಮೊದಲು ಕಂಡಾಗ ಮೊಣಕಾಲೂರಿ ಬೊಗಸೆಯಲ್ಲಿ ಹಿಡಿದು ನೋಡಿದ್ದ. ಮಣ್ಣಿನ ಒಡ್ಡು ಎಂದ ಮೇಲೆ ನೀರು ಜಿನುಗುತ್ತದೆ, ತಿಳಿಯಾಗಿ ಜಿನುಗಿದರೆ ಹೆದರಿಕೆಯಿಲ್ಲ. ಕದಡಿ ಬಂದರೆ ಒಳಗಿನ ಮಣ್ಣನ್ನು ನೀರು ಹೊತ್ತು ತರುತ್ತಿದೆ, ಒಳಗೆ ಬಿಲ ಆಗುತ್ತಿದೆ ಎಂದು ಅರ್ಥ. ಇದನ್ನು ಬೆಳಗಾವಿಯ ಓವರ್ಸಿಯರ್ ತರಗತಿಯಲ್ಲಿ ಕಲಿಸಿದ್ದರು. ಆವತ್ತಿನಿಂದ ವಾರ ವಾರ ಲೋಟ ತಂದು ತುಂಬಿಸಿ, ಕಲ್ಲಿನ ಮೇಲಿಟ್ಟು, ಕಾಲು ತಾಸು ಕಾದು, ಬೆಳಕಿಗೆ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಒಂದು ವಾರದ ಮಟ್ಟಿಗೆ ಪಾರಾದ ಹಾಗೆ; ಮನೆಗೆ ಹೋಗುವಾಗ ಮೀನುಪೇಟೆಯ ಗದ್ದಲವೂ ಹಿತವಾಗಿ ಕೇಳುತ್ತಿತ್ತು. ಇವತ್ತು ಕಾಲು ತಾಸು ಕಾಯಬೇಕಾಗಲಿಲ್ಲ. ಲೋಟದ ನೀರು ಚಹಾದ ಪಾತ್ರೆ ತೊಳೆದ ನೀರಿನಂತೆ ಮಸುಕಾಗಿತ್ತು. ಕಲ್ಲಿನ ಮೇಲಿಟ್ಟು ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಮಣ್ಣು ಬೆರಳಗಲ ಇಳಿಯಿತು.

ಅವನಿಗೆ ಮೊದಲು ಅನ್ನಿಸಿದ್ದು, ಲೋಟ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು. ಚೆಲ್ಲಿ, ಒರೆಸಿ, ಮತ್ತೊಮ್ಮೆ ಹಿಡಿದ. ಮತ್ತೆ ಕೆಂಪು. ಆ ಕೆಂಪು ಯಾವ ಜಾಗದ್ದು ಎಂದು ಅವನಿಗೆ ಗೊತ್ತಿತ್ತು, ಮೇಲಿನಿಂದ ಎಷ್ಟು ಅಡಿಗೆ ಎಂದೂ ಗೊತ್ತಿತ್ತು. ಅರವತ್ತೊಂದನೇ ಇಸವಿ, ಮೇ ತಿಂಗಳ ಕೊನೆ. ಒಡ್ಡು ಎರಡೂ ಕಡೆಯಿಂದ ಬಂದು ಮಧ್ಯೆ ಮೂವತ್ತು ಅಡಿ ತೆರವು ಉಳಿದಿತ್ತು. ಕಡಲ ಕಡೆಯಿಂದ ಮೋಡ ಏಳುತ್ತಿತ್ತು. ತೆರವು ಮುಚ್ಚುವ ಮೊದಲು ಮಳೆ ಹಿಡಿದರೆ ಇಡೀ ವರ್ಷದ ಕೆಲಸ ಹಳ್ಳದ ಪಾಲು. ಮಣ್ಣುಕೆಲಸದ ಮುಖಂಡ ಬೀರಪ್ಪನ ಆಳುಗಳು ಮೂವತ್ತು ಜನ, ಹೆಂಗಸರು ಗಂಡಸರು, ಮೂರು ದಿನದಿಂದ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ಸಂಜೆ ದಪ್ಪ ಹನಿ ಬೀಳತೊಡಗಿತು, ಹಾಕಿದ ಮಣ್ಣು ಅಂಬಲಿಯಂತೆ ಜಾರತೊಡಗಿತು. ಆಗ ಯಾರೂ ಏನೂ ಹೇಳದೆ ಆಳುಗಳು ಗುಡ್ಡಕ್ಕೆ ಹತ್ತಿ ಮತ್ತಿ ಸೊಪ್ಪು, ಕೌಲು ಸೊಪ್ಪು ಕಡಿದು ಹೊರೆ ಹೊರೆ ತಂದರು. ಒಂದು ಹಾಸು ಸೊಪ್ಪು, ಅದರ ಮೇಲೆ ಒಂದು ಹಾಸು ಮಣ್ಣು, ಮತ್ತೆ ಸೊಪ್ಪು. ಈ ಸೀಮೆಯಲ್ಲಿ ಒಡ್ಡು ಹಾಕುವುದೆಂದರೆ ಹಾಗೆಯೇ. ಮಳೆಗಾಲ ಮುಗಿದ ಮೇಲೆ ಪ್ರತಿ ಹಳ್ಳಕ್ಕೂ ಊರವರು ಸೇರಿ ಸೊಪ್ಪು ಹಾಸಿ ಒಡ್ಡು ಹಾಕುತ್ತಾರೆ, ಸೊಪ್ಪು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಸುಗ್ಗಿ ಬೆಳೆ ಆಗುತ್ತದೆ, ಮುಂದಿನ ಮಳೆಗೆ ಮೊದಲು ಒಡ್ಡನ್ನು ಕಡಿದು ನೀರು ಬಿಡುತ್ತಾರೆ. ನಾಗಪತಿಯೂ ಹುಡುಗನಾಗಿದ್ದಾಗ ಅಂಥ ಒಡ್ಡುಗಳ ಮೇಲೆ ಕುಣಿದು ಮಣ್ಣು ಮೆಟ್ಟಿದವನೇ. ಆದರೆ ಬೆಳಗಾವಿಯಲ್ಲಿ ಕಲಿಸಿದ ಮೊದಲ ಪಾಠವೇ, ಶಾಶ್ವತವಾದ ಒಡ್ಡಿನಲ್ಲಿ ಒಂದು ಎಸಳು ಹುಲ್ಲೂ ಇರಬಾರದು, ಕೊಳೆತ ಜಾಗ ಟೊಳ್ಳಾಗುತ್ತದೆ ಎಂದು. ಬೀರಪ್ಪ ಮೊದಲ ಹೊರೆಯನ್ನು ಹೆಗಲ ಮೇಲೆ ಹಿಡಿದು ಇವನ ಮುಖ ನೋಡಿದ್ದ. ಹಾಕಲೋ ಎಂದು ಬಾಯಿಬಿಟ್ಟು ಕೇಳಲಿಲ್ಲ, ನೋಡಿದ ಅಷ್ಟೆ. ನಾಗಪತಿ ಕೊಡೆಯನ್ನು ಮುಖಕ್ಕೆ ಅಡ್ಡ ಮಾಡಿಕೊಂಡು ಗಾಳಿಯ ದಿಕ್ಕು ನೋಡುವವನಂತೆ ಆ ಕಡೆ ತಿರುಗಿದ. ತಿರುಗಿ ಎಷ್ಟು ಹೊತ್ತು ನಿಂತಿದ್ದನೋ. ಮತ್ತೆ ಈ ಕಡೆ ತಿರುಗಿದಾಗ ನಾಲ್ಕು ಹಾಸು ಮುಗಿದಿತ್ತು, ಮಣ್ಣು ನಿಂತಿತ್ತು.

ಮೇಲೆ ಜೀಪಿನ ಸದ್ದಾಯಿತು. ಅವನು ಲೋಟವನ್ನು ಹುಲ್ಲಿನಲ್ಲಿ ಮರೆಮಾಡಿ ಒಡ್ಡನ್ನು ಹತ್ತಿದ. ಸಾಹೇಬರು ಹೆಂಡತಿಯನ್ನೂ ಮೈಸೂರಿನಿಂದ ಬಂದ ನಾದಿನಿಯನ್ನೂ ಕರೆತಂದಿದ್ದರು. ದಂಡೆಯ ಮೇಲೆ ಆಗಲೇ ನೂರೈವತ್ತು ಜನ ಸೇರಿದ್ದರು. ಕುಮಟೆಯ ಪೇಟೆಯವರು, ಹೊನ್ನಾವರದಿಂದ ಬಾಡಿಗೆ ಕಾರಿನಲ್ಲಿ ಬಂದ ಒಂದು ಕುಟುಂಬ, ಬುತ್ತಿ ಬಿಚ್ಚಿ ಕೂತ ಮಾಸ್ತರುಗಳು. ಎಲ್ಲರ ಮುಖದಲ್ಲೂ ನೀರಿನ ಬೆಳಕು ಆಡುತ್ತಿತ್ತು. ಏನ್ರೀ ಹೆಗಡೆ, ಭಾನುವಾರವೂ ಕೆಲಸವೇ ಎಂದು ಸಾಹೇಬರು ನಗೆಯಾಡಿದರು. ದೋಣಿ ನಡೆಸುವ ಮಾಸ್ತಿ ಲುಂಗಿ ಎತ್ತಿ ಕಟ್ಟಿ ದೋಣಿಯನ್ನು ದಂಡೆಗೆ ಒತ್ತಿ ಹಿಡಿದ. ಸಾಹೇಬರು ಬೂಟು ಬಿಚ್ಚಿದರು, ಎಲ್ಲಿಡುವುದೆಂದು ಸುತ್ತ ನೋಡಿದರು, ಹತ್ತಿರ ನಿಂತ ನಾಗಪತಿಯ ಕೈ ಖಾಲಿ ಇದ್ದದ್ದು ಕಂಡಿತು. ನೋಡ್ಕೊಳ್ಳಿ ಎಂದು ಕೊಟ್ಟರು. ಅದರಲ್ಲಿ ಅವಮಾನ ಮಾಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಗೂಟ ಕಂಡಿದ್ದರೆ ಗೂಟಕ್ಕೆ ತಗುಲಿಸುತ್ತಿದ್ದರು. ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಸಾಹೇಬರ ಹೆಂಡತಿ ಸುಮತಿಯನ್ನು ಕರೆದರು. ಸುಮತಿ ಗಂಡನ ಕಡೆ ನೋಡಿದಳು. ಬೇಡ ಎಂದು ಹೇಳಲು ಅವನಿಗೆ ಒಂದು ಉಸಿರಿನಷ್ಟು ಸಮಯವಿತ್ತು. ಎರಡೂ ಕೈಯಲ್ಲಿ ಒಂದೊಂದು ಬೂಟು ಹಿಡಿದುಕೊಂಡು ಅವನು ತಲೆಯಾಡಿಸಿದ. ಅವಳು ಸೀರೆ ಎತ್ತಿ ಹಿಡಿದು ದೋಣಿಗೆ ಕಾಲಿಟ್ಟಳು. ದೋಣಿ ದಂಡೆ ಬಿಟ್ಟಾಗ ಅವಳ ದನಿ ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಬಂತು. ನಮ್ಮನೆಯವರೇ ಕಟ್ಟಿಸಿದ್ದು ಎಂದು ಆ ಮೈಸೂರಿನ ನಾದಿನಿಗೆ ಹೇಳುತ್ತಿದ್ದಳು.

ಬೀರಪ್ಪ ತೂಬಿನ ಕಟ್ಟೆಯ ಹತ್ತಿರ ಕೂತು ಎಲೆಯಡಿಕೆ ಹಾಕುತ್ತಿದ್ದ. ಕೆಲಸ ಮುಗಿದ ಮೇಲೆ ಅವನನ್ನೇ ಒಡ್ಡಿನ ಕಾವಲಿಗೆ ಇಟ್ಟುಕೊಂಡಿದ್ದರು. ಖಾಕಿ ಅಂಗಿಯೊಂದನ್ನು ಕೊಟ್ಟಿದ್ದರು, ಅದರ ಕೆಳಗೆ ಎಂದಿನಂತೆ ತುಂಡು ಬಟ್ಟೆ. ಅವನದೂ ಸೇರಿ ಹನ್ನೊಂದು ಮನೆ ಒಡ್ಡಿನ ಕೆಳಗಿನ ಬೈಲಿನಲ್ಲಿ ಇದ್ದವು, ಎಲ್ಲ ಒಂದೇ ಕೇರಿ. ನಾಗಪತಿ ಅವನನ್ನು ಸನ್ನೆ ಮಾಡಿ ಕರೆದು ಕೆಳಗೆ ಇಳಿದ. ಹುಲ್ಲಿನಲ್ಲಿ ಮರೆಮಾಡಿದ ಲೋಟವನ್ನು ತೋರಿಸಬೇಕು, ಮೆಲ್ಲಗೆ ವಿಷಯಕ್ಕೆ ಬರಬೇಕು ಎಂದು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದ. ಬೀರಪ್ಪ ಲೋಟದ ಕಡೆ ನೋಡಲೇ ಇಲ್ಲ. ಒರತೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಗೆ ಬೆರಳಿಟ್ಟು, ಎಮ್ಮೆಯ ಮೈ ಮುಟ್ಟಿ ನೋಡುವವನಂತೆ ನೋಡಿದ.

"ಕೆಂಪು ಬರೂಕೆ ಹತ್ತಿ ಮೂರು ದಿನ ಆತು ಒಡೆಯಾ," ಎಂದ.

ಯಾಕೆ ಹೇಳಲಿಲ್ಲ ಎಂದು ನಾಗಪತಿ ಕೇಳಿದ. ದನಿ ತನ್ನದೇ ಎನ್ನಿಸಲಿಲ್ಲ, ಕಚೇರಿಯ ದನಿ. ಬೀರಪ್ಪ ತಲೆಯೆತ್ತಿ, ಇವರು ತಮಾಷೆ ಮಾಡುತ್ತಿದ್ದಾರೋ ಎಂದು ಒಂದು ಗಳಿಗೆ ನೋಡಿದ.

"ನಿಮಗೆ ಗೊತ್ತಿಲ್ದೇ ಇರ್ತದ್ಯಾ? ಸೊಪ್ಪು ಹಾಕೂವಾಗ ನೀವೇ ಇದ್ರಿ. ಸೊಪ್ಪು ಮೂರು ಮಳೆ ತಡೀತದೆ, ನಾಲ್ಕನೇದಕ್ಕೆ ಮಣ್ಣಾಗ್ತದೆ. ಇದು ನಾಲ್ಕನೇದು."

"ಅಷ್ಟು ಗೊತ್ತಿದ್ದೂ ಹಾಕಿದ್ರಿ?"

"ಒಡ್ಡು ಅಂದ್ರೆ ಕಡಿಯೂದು ಅಲ್ವಾ ಒಡೆಯಾ. ನಮ್ಮಜ್ಜನ ಕಾಲದಿಂದ ಹಾಕಿದ್ದು, ಕಡ್ದದ್ದು, ಮತ್ತೆ ಹಾಕಿದ್ದು. ಸರ್ಕಾರದ ಒಡ್ಡು ದೊಡ್ಡದು, ಒಂದೆರಡು ಮಳೆ ನಿಲ್ಲಸ್ತಾರೇನೋ, ಆಮೇಲೆ ಕಡಿತಾರೆ, ಮತ್ತೆ ಹಾಕೂಕೆ ನಮ್ಮನ್ನೇ ಕರೀತಾರೆ ಅಂದ್ಕಂಡಿದ್ವಿ. ಪ್ರತಿ ವೈಶಾಖಕ್ಕೂ ಕಾದ್ವಿ. ಇದನ್ನ ಕಡಿಯೂದೇ ಇಲ್ಲ ಅಂದೇಳಿ ನಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಾಗಪತಿ ಹುಡುಕಿದ, ಒಂದು ವರ್ಷದ ಮಾತುಗಳನ್ನೆಲ್ಲ ಕೆದಕಿ ಹುಡುಕಿದ. ಇಲ್ಲಿ ಅಗೆಯಿರಿ, ಅಲ್ಲಿ ಸುರಿಯಿರಿ, ಇನ್ನೂ ಮೆಟ್ಟಿ, ಬೇಗ ಬೇಗ ಎಂದು ದಿನಕ್ಕೆ ನೂರು ಸಲ ಹೇಳಿದ್ದ. ಯಾವುದನ್ನು ಕಟ್ಟುತ್ತಿದ್ದೀರಿ, ಅದು ಎಷ್ಟು ಕಾಲ ನಿಲ್ಲಬೇಕು ಎಂದು ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕು ಎಂದು ಹೊಳೆದೇ ಇರಲಿಲ್ಲ. ಅವರ ಒಡ್ಡೂ ಗೊತ್ತಿದ್ದ, ಬೆಳಗಾವಿಯ ಒಡ್ಡೂ ಗೊತ್ತಿದ್ದ ಮನುಷ್ಯ ಆ ಕೆಲಸದ ಮೇಲೆ ತಾನೊಬ್ಬನೇ. ಇಷ್ಟು ವರ್ಷ ಅವನು ತನ್ನ ತಪ್ಪೆಂದು ಎಣಿಸಿದ್ದು ಕೊಡೆ ಅಡ್ಡ ಹಿಡಿದು ತಿರುಗಿ ನಿಂತ ಆ ಕಾಲು ತಾಸನ್ನು. ಅದಕ್ಕೆ ಮಳೆಯ ನೆವವಿತ್ತು, ಅವಸರದ ನೆವವಿತ್ತು. ಅದರ ಹಿಂದಿನ ಇಡೀ ವರ್ಷಕ್ಕೆ ಯಾವ ನೆವವೂ ಇರಲಿಲ್ಲ. ಕಡೆಗೆ ಅವನು, ಕೇರಿಯವರಿಗೆ ಹುಷಾರಾಗಿರಲು ಹೇಳು ಎಂದ. ಬೀರಪ್ಪ ಎದ್ದು ನಿಂತು ಬೈಲಿನ ಕಡೆ ಗಲ್ಲ ಎತ್ತಿ ತೋರಿಸಿದ. ಹೊತ್ತು ನೆತ್ತಿಗೆ ಬರುತ್ತಿತ್ತು, ಗಂಜಿ ಬೇಯುವ ಸಮಯ. ಹನ್ನೊಂದು ಮನೆಯ ಯಾವ ಮಾಡಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಅಂಗಳದಲ್ಲಿ ಕೋಳಿಯಿಲ್ಲ, ದನದ ಕೊಟ್ಟಿಗೆಯಲ್ಲಿ ದನವಿಲ್ಲ. ಎಡಗಡೆಯ ಗುಡ್ಡದ ಮೇಲೆ, ಗೇರುಮರಗಳ ನಡುವೆ, ಸೋಗೆ ಹೊದೆಸಿದ ಗುಡಿಸಲುಗಳ ಸಾಲು, ಅಲ್ಲಿಂದ ತೆಳ್ಳಗೆ ಹೊಗೆ.

"ದೀಪಾವಳಿ ಮಾರನೇ ದಿನಾನೇ ಎಲ್ಲಾ ಮೇಲೆ ಹೋದ್ವಿ," ಎಂದ ಬೀರಪ್ಪ. "ನೀವು ಸುಮ್ಮನಿದ್ರಿ ಅಂದ್ರೆ ಅದಕ್ಕೆ ಎಂತದೋ ಕಾರಣ ಇದ್ದೀತು ಅಂದ್ಕಂಡೆ."

ಹೇಳುವಾಗ ಅವನ ಕಣ್ಣು ನಾಗಪತಿಯ ಕೈಗಳ ಮೇಲೆ ನಿಂತಿತು. ನಾಗಪತಿಯೂ ನೋಡಿಕೊಂಡ. ಸಾಹೇಬರ ಬೂಟುಗಳು ಇನ್ನೂ ಅವನ ಕೈಯಲ್ಲೇ ಇದ್ದವು. ಅವುಗಳನ್ನು ಹಿಡಿದುಕೊಂಡೇ ಇಳಿದು ಬಂದಿದ್ದ, ಹಿಡಿದುಕೊಂಡೇ ಇಷ್ಟೆಲ್ಲ ಕೇಳಿದ್ದ, ಕಚೇರಿಯ ದನಿಯಲ್ಲಿ ಗದರಿದ್ದ. ಬೀರಪ್ಪ ಮುಖ ಆ ಕಡೆ ಮಾಡಿ ಎಲೆಯ ರಸ ಉಗುಳಿದ. ನಾಗಪತಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅದು ಬಾಯಿಬಿಡುವ ಹವಣಿಕೆಯಲ್ಲೇ ಇದೆಯಲ್ಲ ಎಂದು ಹೊಳೆದು, ನಗು ಬರುವ ಹೊತ್ತಲ್ಲದಿದ್ದರೂ ತುಟಿಯ ಕೊನೆಗೆ ಒಂದು ಕೆಟ್ಟ ನಗು ಬಂದು ಹೋಯಿತು.

ಒಡ್ಡಿನ ಮೇಲೆ ಬಂದು ನಿಂತರೆ ಕೆರೆ ಎಷ್ಟು ಶಾಂತವಾಗಿತ್ತೆಂದರೆ, ಕೆಳಗೆ ಕಂಡದ್ದು ಬೇರೆ ಯಾವುದೋ ಊರಿನದು ಎನ್ನಿಸುತ್ತಿತ್ತು. ದೋಣಿ ಆಚೆ ದಂಡೆಯ ಹತ್ತಿರ ಚುಕ್ಕೆಯಾಗಿತ್ತು. ಗಾಳಿಯಿಲ್ಲ. ಗುಡ್ಡ, ಗೇರುಮರ, ಮೋಡದ ಚೂರು, ಎಲ್ಲವೂ ನೀರಿನಲ್ಲಿ ಇನ್ನೊಮ್ಮೆ ಇತ್ತು. ಇದನ್ನು ನೋಡಿ ಮರುಳಾದ ಸಾಹೇಬರನ್ನು ಅವನು ಮನಸ್ಸಿನಲ್ಲಿ ಎಷ್ಟೋ ಸಲ ಹಳಿದಿದ್ದ, ಆದರೆ ಅವನಿಗೂ ಈ ನೀರೆಂದರೆ ಪ್ರೀತಿಯೇ. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನೇ ಬೆಂಚಿನ ಮೇಲೆ ಕೂತು, ಬದುಕಿನಲ್ಲಿ ಏನೂ ಆಗದಿದ್ದ ತನ್ನಿಂದ ಇಷ್ಟಾದರೂ ಆಯಿತು ಎಂದುಕೊಂಡ ದಿನಗಳಿದ್ದವು. ಹೇಳಿದರೆ ಕೆಲಸ ಹೋಗುತ್ತದೆ. ವಿಚಾರಣೆಯಾದರೆ ಮೊದಲು ಬೀರಪ್ಪನ ಹೆಸರೇ ಬರುತ್ತದೆ, ಸೊಪ್ಪು ಹಾಕಿದವರು ಯಾರು ಎಂದೇ ಕೇಳುತ್ತಾರೆ. ಹೇಳದಿದ್ದರೆ? ಕೇರಿಯವರು ಗುಡ್ಡ ಹತ್ತಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಒಡ್ಡು ಹೋದರೆ ಹನ್ನೊಂದು ಮಣ್ಣಿನ ಮನೆ ಹೋದೀತು, ದೈವಿಕ ಎಂದು ಬರೆದುಕೊಂಡಾರು. ಮನಸ್ಸು ಎಷ್ಟು ಬೇಗ ಈ ಲೆಕ್ಕಕ್ಕೆ ಬಂದು ಮುಟ್ಟಿತು ಎನ್ನುವುದನ್ನು ಅವನೇ ಪಕ್ಕದಲ್ಲಿ ನಿಂತವನಂತೆ ನೋಡಿದ. ಅಷ್ಟರಲ್ಲಿ ದೂರದ ದೋಣಿಯಲ್ಲಿ ಯಾರೋ ಕೈ ಬೀಸಿದರು. ಸುಮತಿಯೇ ಇರಬೇಕು. ಹಾಗೆ ಎಲ್ಲರ ಎದುರು ಕೈ ಬೀಸಿದವಳಲ್ಲ ಅವಳು, ನೀರು ಅವಳನ್ನೂ ಮರುಳು ಮಾಡಿತ್ತು. ಕೈ ಬೀಸಲು ಹೋಗಿ ಅವನು ಬೂಟನ್ನು ಎತ್ತಿದ. ಮೆಲ್ಲಗೆ ಇಳಿಸಿ, ಎರಡನ್ನೂ ಹೆಸರು ಕೆತ್ತಿದ ಕಲ್ಲಿನ ಬುಡದಲ್ಲಿ ಜೋಡಿಸಿಟ್ಟ.

ದೋಣಿ ದಂಡೆಗೆ ಬಂದಾಗ ಸಾಹೇಬರನ್ನು ಹತ್ತು ಹೆಜ್ಜೆ ಆಚೆಗೆ ಕರೆದ. ಇದ್ದದ್ದನ್ನೆಲ್ಲ ಹೇಳಿದ. ಮಧ್ಯದ ಮೂವತ್ತು ಅಡಿಯಲ್ಲಿ ಸೊಪ್ಪಿದೆ, ನಾನು ನೋಡುತ್ತಿದ್ದಾಗ ಹಾಕಿದ್ದು, ಬೇಡವೆನ್ನುವುದು ನನ್ನ ಕೆಲಸವಾಗಿತ್ತು, ಹೇಳಲಿಲ್ಲ. ಆಳುಗಳಿಗೆ ಇದು ಶಾಶ್ವತದ್ದು ಎಂದು ತಿಳಿಸಿರಲಿಲ್ಲ, ಅದೂ ನನ್ನದೇ. ಈಗ ನೀರು ಕೆಂಪಾಗಿ ಬರುತ್ತಿದೆ. ಸಾಹೇಬರು ಒದ್ದೆ ಕಾಲಿನಲ್ಲಿ ನಿಂತು ಕೇಳಿದರು. ಬೈಯಲಿಲ್ಲ. ಮುಖ ಬಿಳಿಚಿಕೊಂಡು, ಜನ ತುಂಬಿದ ದಂಡೆಯನ್ನೂ ಹೆಂಡತಿಯನ್ನೂ ನೋಡಿ, ತಗ್ಗಿದ ದನಿಯಲ್ಲಿ, "ನಾಳೆ ಬರೆದು ಕೊಡಿ ಹೆಗಡೆ. ನೋಡೋಣ. ಇವತ್ತು ಇವರೆಲ್ಲ ಬಂದಿದಾರೆ," ಎಂದರು.

"ನಾಳೆ ಬರೆದು ಕೊಡ್ತೇನೆ ಸಾಹೇಬರೆ. ತೂಬು ಈಗಲೇ ಎತ್ತುತ್ತೇನೆ."

ಸಾಹೇಬರು ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಆಚೆ ತಿರುಗಿ, ಬೂಟು ಎಲ್ಲಿ ಎಂದು ಕೇಳಿದರು. ಅವರ ತಿರುಗಿದ ಬೆನ್ನನ್ನು ನೋಡುತ್ತ ನಾಗಪತಿಗೆ ಸಿಟ್ಟು ಬರಲಿಲ್ಲ. ಆ ಬೆನ್ನಿನ ಗುರುತು ಅವನಿಗೆ ಚೆನ್ನಾಗಿ ಇತ್ತು. ಜೀಪು ಹೊರಟು ಹೋಯಿತು. ಕೋಡಿಯ ಹಲಗೆಗಳನ್ನು ಅವನೂ ಮಾಸ್ತಿಯೂ ಸೇರಿ ಒಂದೊಂದಾಗಿ ಕಿತ್ತರು. ನೀರು ಗುಳುಗುಳು ಎಂದು ಹಳೆಯ ದಾರಿ ಹಿಡಿಯಿತು. ತೂಬಿನ ಚಕ್ರ ಮೂರು ವರ್ಷದ ತುಕ್ಕು ತಿಂದು ಅಲುಗಾಡದೆ ನಿಂತಿತ್ತು. ಬೀರಪ್ಪ ಅದರ ಅಚ್ಚಿಗೆ ತೆಂಗಿನೆಣ್ಣೆ ಸುರಿದ. ಇಬ್ಬರೂ ಎದೆ ಕೊಟ್ಟು ಒತ್ತಿದಾಗ ಒಮ್ಮೆ ಕಿರ್ರೆಂದು ಅರ್ಧ ಸುತ್ತು ತಿರುಗಿತು. ಅಷ್ಟೇ ಸಾಕು ಎಂದ ನಾಗಪತಿ. ಮತ್ತೆ, ಬರೀ ಅಷ್ಟೇ ಹೇಳಿ ಸುಮ್ಮನಾಗದೆ, ಯಾಕೆ ಸಾಕು ಎನ್ನುವುದನ್ನೂ ಹೇಳಿದ. ನೀರು ಒಮ್ಮೆಲೇ ಇಳಿದರೆ ಒಡ್ಡಿನ ಒಳಮೈ ಜಾರುತ್ತದೆ, ತಾಸಿಗೆ ಇಷ್ಟೇ ಇಳಿಯಬೇಕು, ನಾಲ್ಕು ದಿನ ಬೇಕು, ಆಮೇಲೆ ಆ ಮೂವತ್ತು ಅಡಿಯನ್ನು ಅಗೆದು ತೆಗೆಯಬೇಕು ಎಂದು ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ. ಬೀರಪ್ಪ ಗಮನವಿಟ್ಟು ಕೇಳಿ ಎರಡು ಪ್ರಶ್ನೆ ಕೇಳಿದ, ಎರಡೂ ಸರಿಯಾದ ಪ್ರಶ್ನೆಗಳೇ. ದಂಡೆಯ ಮೇಲಿನವರು ದೋಣಿ ಯಾಕೆ ನಿಲ್ಲಿಸಿದಿರಿ ಎಂದು ಗೊಣಗುತ್ತ ಬುತ್ತಿ ಕಟ್ಟಿದರು. ಸುಮತಿ ಬೆಂಚಿನ ಮೇಲೆ ಕೂತು ಗಂಡನ ಎಣ್ಣೆ ಕೈಗಳನ್ನು ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ದುರ್ಗಿ ಬಂದಳು. ಬೀರಪ್ಪನ ಹೆಂಡತಿ, ಒಡ್ಡಿನ ಕೆಲಸದಲ್ಲಿ ಅತಿ ಹೆಚ್ಚು ಬುಟ್ಟಿ ಮಣ್ಣು ಹೊತ್ತವಳು. ಹಳ್ಳದಲ್ಲಿ ನೀರು ಹರಿಯುವುದು ಗುಡ್ಡದ ಮೇಲಿನಿಂದ ಕಂಡು, ಅಡಿಗೆ ಪಾತ್ರೆಗಳನ್ನೆಲ್ಲ ದೊಡ್ಡ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಮನೆಗೆ ಹೊರಟವಳು, ದಾರಿಯಲ್ಲಿ ತೂಬಿನ ಹತ್ತಿರ ಬುಟ್ಟಿ ಇಳಿಸಿ ನಿಂತಳು. ಕುತ್ತಿಗೆಯ ಮಣಿಸರಗಳನ್ನು ಸರಿಮಾಡಿಕೊಂಡು, ನೀರು ಬಿಟ್ಟವರು ಯಾರು ಎಂದು ಗಂಡನನ್ನು ಕೇಳಿದಳು. ಒಡೆಯರು ಎಂದ ಬೀರಪ್ಪ. ಅವಳ ಮುಖ ಅರಳಿತು. ಯಾವತ್ತೂ ನಾಗಪತಿಯ ಎದುರು ನಿಂತು ಮಾತಾಡದವಳು ನೇರ ಅವನ ಕಡೆ ತಿರುಗಿದಳು.

"ಒಡೆಯರಿಗೆ ಸೊಪ್ಪಿನ ಸುದ್ದಿ ಗೊತ್ತಿತ್ತು ಅಂದೇಳಿ ಇವರು ಹೇಳ್ತ್ರು. ನಾ ಇಲ್ಲ ಅಂದೆ. ಗೊತ್ತಿದ್ರೆ ಇದನ್ನ ಕಡಿಯೂದಿಲ್ಲ ಅಂದೇಳಿ ನಮಗೆ ಹೇಳ್ದೇ ಇರ್ತಿದ್ರಾ?"

ಅವಳು ಕೇಳಿದ್ದು ಪ್ರಶ್ನೆಯೇ ಅಲ್ಲ. ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು, ಅವಳು ಗಂಡನನ್ನು ಗೆದ್ದ ಖುಷಿಯಲ್ಲಿ ಬುಟ್ಟಿ ಹೊತ್ತು ಮನೆಗೆ ಹೋಗುತ್ತಿದ್ದಳು. ಬೀರಪ್ಪ ಚಕ್ರವನ್ನು ಒರೆಸುತ್ತ ತಲೆ ತಗ್ಗಿಸಿದ್ದ, ಅವನು ಬಾಯಿಬಿಡುವವನಲ್ಲ. ಸುಮತಿ ಬೆಂಚಿನಿಂದ ಎದ್ದು ಹತ್ತಿರ ಬಂದಿದ್ದಳು.

"ಗೊತ್ತಿತ್ತು ದುರ್ಗಿ," ಎಂದ ನಾಗಪತಿ. "ಹಾಕಿದ ದಿನದಿಂದ ಗೊತ್ತಿತ್ತು."

ನೀರು ಹರಿಯುವ ಸದ್ದು ಕೇಳುತ್ತಿತ್ತು. ದುರ್ಗಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಬೈಲಿನ ಕಡೆ, ಅಷ್ಟು ಹತ್ತಿರದಲ್ಲಿದ್ದ ತನ್ನ ಮನೆಯ ಕಡೆ ಒಮ್ಮೆ ನೋಡಿ, ಬಾಗಿ ಬುಟ್ಟಿಯ ಅಂಚು ಹಿಡಿದಳು. ಅಷ್ಟು ಭಾರದ ಹೊರೆಯನ್ನು ಒಬ್ಬರೇ ತಲೆಗೇರಿಸಲು ಬರುವುದಿಲ್ಲ, ಇನ್ನೊಬ್ಬರು ಕೈ ಕೊಡಬೇಕು. ನಾಗಪತಿ ಮುಂದೆ ಬಂದು ಕೈ ಚಾಚಿದ. ಅವಳು ಬುಟ್ಟಿಯ ಅಂಚನ್ನು ಬಿಟ್ಟು ನೆಟ್ಟಗೆ ನಿಂತಳು, ಅವನು ಕೈ ಹಿಂದೆ ತೆಗೆಯುವ ತನಕ ಹಾಗೆಯೇ ನಿಂತಳು. ಆಗ ಸುಮತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಬುಟ್ಟಿಯ ಆ ಕಡೆ ಹಿಡಿದು ಎತ್ತಿ, ದುರ್ಗಿಯ ತಲೆಯ ಮೇಲಿಟ್ಟಳು. ದುರ್ಗಿ ಮನೆಯ ದಾರಿ ಬಿಟ್ಟು, ಬಂದ ದಾರಿಯಲ್ಲೇ ಗುಡ್ಡ ಹತ್ತಿದಳು. ಗೇರುಮರಗಳ ಮರೆಯಾಗುವ ತನಕ ಸುಮತಿ ಅವಳನ್ನೇ ನೋಡುತ್ತಿದ್ದಳು.

ಬಸ್ಸಿನ ಹೊತ್ತಾಗಿತ್ತು. "ಎಷ್ಟು ದಿನ ಬೇಕು ಇದು ಖಾಲಿ ಆಪ್ಲೆ?" ಎಂದು ಸುಮತಿ ಕೇಳಿದಳು, ಗುಡ್ಡದ ಕಡೆಯಿಂದ ಕಣ್ಣು ತೆಗೆಯದೆ. ನಾಲ್ಕು ದಿನ ಎಂದ. ಮತ್ತೆ ಅವನು ಬೀರಪ್ಪನಿಗೆ, ನೀನು ಮೇಲೆ ಹೆಂಡತಿ ಮಕ್ಕಳ ಹತ್ತಿರ ಹೋಗು, ಈ ನಾಲ್ಕು ದಿನ ನಿನ್ನ ಮನೆಯ ಜಗಲಿಯ ಮೇಲೆ ನಾನು ಮಲಗುತ್ತೇನೆ, ಒರತೆಯನ್ನು ನಾನೇ ನೋಡಿಕೊಳ್ಳುತ್ತೇನೆ, ಬರೆದು ಕೊಡಬೇಕಾದ್ದನ್ನೂ ಅಲ್ಲೇ ಕೂತು ಬರೆದು ಬೆಳಿಗ್ಗೆ ಮಾಸ್ತಿಯ ಕೈಯಲ್ಲಿ ಕಚೇರಿಗೆ ಕಳಿಸುತ್ತೇನೆ ಎಂದ. ಬೀರಪ್ಪ ದಿಗಿಲಾಗಿ, ಬೇಡ ಒಡೆಯಾ, ಒಡ್ಡಿನ ಬುಡದ ಮನೆ, ಯಾವ ಗಳಿಗೆಯೋ ಎಂದು ಸುಮತಿಯ ಕಡೆ ನೋಡಿದ, ಅಮ್ಮನಾದರೂ ಒಂದು ಮಾತು ಹೇಳಲಿ ಎಂದು.

ಸುಮತಿ ಚೀಲದಿಂದ ಅವಲಕ್ಕಿ ಡಬ್ಬಿ ತೆಗೆದು ಗಂಡನ ಕೈಗೆ ಕೊಟ್ಟಳು. ಬೇಡ ಎಂದು ಅವಳು ಹೇಳಲಿಲ್ಲ.